ರೊಟ್ಟಿ ಕೈಲೆ ಬಡಿಯೋದಾ, ಮಶಿನ್ ತರೋದಾ? ಸಾಲ ಮಾಡೋ ಮುಂಚೆ ಈ ಲೆಕ್ಕ ನೋಡಿ

ಈ ಹಿಂಗಾರು ಜೋಳದ ರಾಶಿ ಮುಗಿದ ಮೇಲೆ ನನ್ನ ಫೋನಿಗೆ ಬೆಳೆ ರೋಗದ ಫೋಟೊಗಿಂತ ರೊಟ್ಟಿ ಮಶಿನ್ನಿನ ವಿಡಿಯೋ ಜಾಸ್ತಿ ಬರ್ತಾ ಇವೆ. ಭಾಲ್ಕಿ ಕಡೆಯಿಂದ ಒಬ್ಬರು, ಬೀದರ್ ನಗರದಿಂದ ಇಬ್ಬರು, ಔರಾದ ತಾಲ್ಲೂಕಿನಿಂದ ನಾಲ್ಕು ಮಂದಿ. ಎಲ್ಲರದ್ದೂ ಒಂದೇ ಪ್ರಶ್ನೆ: "ಸರ, ತಾಸಿಗೆ ಇಷ್ಟು ನೂರು ರೊಟ್ಟಿ ಅಂತಾರ, ತಗೋಬಹುದಾ?"

ವಿಡಿಯೋದಲ್ಲಿ ಎಲ್ಲಾ ಚೆಂದ ಕಾಣುತ್ತದೆ. ಒಂದು ಕಡೆ ಹಿಟ್ಟಿನ ಉಂಡೆ ಹೋಗುತ್ತದೆ, ಇನ್ನೊಂದು ಕಡೆ ಉಬ್ಬಿದ ರೊಟ್ಟಿ ಬರುತ್ತದೆ. ಆದರೆ ಸ್ವಲ್ಪ ನಿಲ್ಲಿಸಿ ನೋಡಿ. ಹತ್ತರಲ್ಲಿ ಎಂಟು ವಿಡಿಯೋದಲ್ಲಿ ಆ ಉಂಡೆ ಗೋಧಿ ಹಿಟ್ಟಿನದು. ನಮ್ಮದು ಜೋಳ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಸಾಲ ಮಾಡಿದರೆ ಮಶಿನ್ ಮೂಲೆ ಸೇರುತ್ತದೆ, ಕಂತು ಮಾತ್ರ ಪ್ರತಿ ತಿಂಗಳು ಬಾಗಿಲಿಗೆ ಬರುತ್ತದೆ.

ಅದಕ್ಕೇ ಈ ವಾರ ಬೆಳೆ ಬಿಟ್ಟು ರೊಟ್ಟಿ ಬಗ್ಗೆ ಬರೀತಾ ಇದ್ದೇನೆ. ರೊಟ್ಟಿನೂ ನಮ್ಮ ಹೊಲದ್ದೇ ಮಾಲು ಅಲ್ವಾ?

ಔರಾದ ತಾಲ್ಲೂಕಿನ ಒಂದು ಮನೆ

ಪ್ರಶ್ನೆ ಕೇಳಿದವರಲ್ಲಿ ಒಬ್ಬ ಹುಡುಗನ ಮನೆಗೆ ನಾನೇ ಹೋಗಿದ್ದೆ. ಹೆಸರು ಬೇಡ. ವಯಸ್ಸು 27, ಮೂರು ಎಕರೆ ಕಪ್ಪು ಭೂಮಿ. ಮುಂಗಾರಿಗೆ ಸೋಯಾ, ತೊಗರಿ. ಒಂದು ಎಕರೆ ಖಾಲಿ ಇಟ್ಟು ಹಿಂಗಾರಿಗೆ ಬಿಳಿ ಜೋಳ. ಅವನ ಹೆಂಡತಿ ದಿನಾ ನೂರು ರೊಟ್ಟಿ ಬಡಿದು ಕಡಕ್ ಮಾಡಿ ಕೊಡ್ತಾಳೆ. ಎರಡು ಕಿರಾಣಿ ಅಂಗಡಿ, ಒಂದು ಖಾನಾವಳಿ ತಗೋತಾರೆ. ಹಬ್ಬ, ಮದುವೆ ಬಂದರೆ ನೂರೈವತ್ತು.

ಮಶಿನ್ ಕೊಟೇಶನ್ ಒಂದೂವರೆ ಲಕ್ಷದ್ದು. ಕೈಲಿ ದುಡ್ಡಿಲ್ಲ. ಹೆಂಡತಿ ತವರಿಂದ ತಂದ ಬಂಗಾರ ಒತ್ತಿ ಇಡೋದು ಅಂತ ಮಾತು ನಡೆದಿತ್ತು.

ಆ ಹೆಣ್ಮಗಳು ಚಹಾ ಕೊಡುತ್ತಾ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು: "ಬಂಗಾರ ಹೋದ್ರ ಹೋಗ್ಲಿ ಅಣ್ಣಾರ. ಬಲಗೈ ರಟ್ಟಿ ಎತ್ಲಿಕ್ಕ ಬರವಲ್ದು. ರಾತ್ರಿ ನಿದ್ದಿ ಇಲ್ಲ. ಮಶಿನ್ ಬಂದ್ರ ಕೈ ಅಂತೂ ಉಳೀತಾದ."

ಅತ್ತೆ ಒಳಗಿಂದಲೇ ಅಂದರು: "ಮಶಿನ್ ರೊಟ್ಟಿ ಚಕ್ಕಳ ಆಗ್ತಾವ, ಯಾರ್ ತಿಂತಾರ?"

ಗಂಡ ಸುಮ್ಮನೆ ಫೋನು ನೋಡ್ತಾ ಕೂತಿದ್ದ.

ನೋಡಿ, ಮೂವರ ಮಾತಿನಲ್ಲೂ ಸತ್ಯ ಇದೆ. ರಟ್ಟೆ ನೋವು ಖರೆ, ರುಚಿ ಕೆಡುವ ಭಯ ಖರೆ, ದುಡ್ಡಿನ ಚಿಂತೆ ಖರೆ. ಹಾಗಾಗಿ "ಕೈಯೇ ಒಳ್ಳೇದು" ಅಥವಾ "ಮಶಿನ್ನೇ ಒಳ್ಳೇದು" ಅಂತ ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ. ಒಂದೊಂದಾಗಿ ನೋಡೋಣ.

ಜೋಳದ ಹಿಟ್ಟಿನ ಗುಟ್ಟು

ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಟು ಇದೆ. ನೀರು ಹಾಕಿ ನಾದಿದರೆ ಅದು ರಬ್ಬರಿನ ಹಾಗೆ ಎಳೆಯುತ್ತದೆ. ಚಪಾತಿ ಲಟ್ಟಿಸಲು ಬರೋದು, ಪಾವ್, ಬ್ರೆಡ್ ಉಬ್ಬೋದು ಅದರಿಂದಲೇ. ಯೀಸ್ಟು ಬಿಡುವ ಗಾಳಿಯನ್ನು ಆ ಅಂಟು ಹಿಡಿದಿಟ್ಟುಕೊಳ್ಳುತ್ತದೆ.

ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಬೀದರಿನ ಒಬ್ಬ ಹುಡುಗ ಮನೆಯಲ್ಲಿ ಬ್ರೆಡ್ ಮಾಡುವ ಸಣ್ಣ ಮಶಿನ್ ತರಿಸಿ ಜೋಳದ ಬ್ರೆಡ್ ಮಾಡ್ತೀನಿ ಅಂತ ಕೇಳಿದ್ದ. ಬರೀ ಜೋಳದ ಹಿಟ್ಟು ಹಾಕಿದರೆ ಅದು ಬ್ರೆಡ್ ಆಗಲ್ಲ, ಇಟ್ಟಿಗೆ ಆಗುತ್ತದೆ. ಗೋಧಿ ಅಥವಾ ಮೈದಾ ಹಿಟ್ಟಿಗೆ ನೂರಕ್ಕೆ 20 ಪಾಲಿನಷ್ಟು ಜೋಳ ಬೆರೆಸಿದರೆ ಬ್ರೆಡ್ ಬರುತ್ತದೆ. ಅದು ಬೇರೆ ಧಂದೆ, ಬೇರೆ ಗಿರಾಕಿ.

ಹಾಗಾದರೆ ರೊಟ್ಟಿಗೆ ಜಿಗಿ ಎಲ್ಲಿಂದ ಬರುತ್ತದೆ? ಬಿಸಿ ನೀರಿನಿಂದ. ನಮ್ಮ ಅವ್ವಂದಿರು ಎಸರು ಕುದಿಸಿ ಹಿಟ್ಟಿನ ನಡುವೆ ಸುರಿಯೋದು ಸುಮ್ಮನೆ ರೂಢಿ ಅಲ್ಲ. ಸುಮಾರು 70 ಡಿಗ್ರಿ ದಾಟಿದಾಗ ಜೋಳದ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಆ ಅಂಟೇ ರೊಟ್ಟಿಯನ್ನು ಒಡೆಯದಂತೆ ಹಿಡಿಯುತ್ತದೆ. ನೀರು ಉಗುರು ಬೆಚ್ಚಗಿದ್ದರೆ ಅಂಚು ಬಿರಿಯುತ್ತದೆ, ಕೈಯಲ್ಲೂ ಬಿರಿಯುತ್ತದೆ, ಮಶಿನ್ನಲ್ಲೂ ಬಿರಿಯುತ್ತದೆ.

ಇನ್ನೊಂದು: ಹಿಟ್ಟು ಹೊಸದಿರಬೇಕು. ಜೋಳದ ಮೊಳಕೆ ಭಾಗದಲ್ಲಿ ಎಣ್ಣೆ ಅಂಶ ಇರುತ್ತದೆ. ಬೀಸಿದ ಮೇಲೆ ಅದು ಗಾಳಿಗೆ ಕಮಟಾಗುತ್ತಾ ಹೋಗುತ್ತದೆ. ಕಾಳನ್ನು ವರ್ಷಗಟ್ಟಲೆ ಇಡಬಹುದು, ಹಿಟ್ಟನ್ನು ಇಡಬಾರದು. ಎಂಟು ಹತ್ತು ದಿನಕ್ಕೆ ಬೇಕಾದಷ್ಟೇ ಗಿರಣಿಗೆ ಒಯ್ಯಿರಿ. ಬೇಸಿಗೆಯಲ್ಲಿ ಇನ್ನೂ ಕಡಿಮೆ.

ರೊಟ್ಟಿ ಹೊಲದಲ್ಲೇ ಶುರು

ಮುಂಗಾರಿ ಹೈಬ್ರಿಡ್ ಜೋಳ ಕಾಳು ಕಟ್ಟೋ ಹೊತ್ತಿಗೆ ಮಳೆ ಸಿಕ್ಕರೆ ಕಾಳಿನ ಮೇಲೆ ಬೂಷ್ಟು ಬರುತ್ತದೆ, ಬಣ್ಣ ಕಪ್ಪಾಗುತ್ತದೆ. ಆ ಹಿಟ್ಟಿನ ರೊಟ್ಟಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಹಿಂಗಾರಿ ಬಿಳಿ ಜೋಳ ಚಳಿಗೆ, ಇಬ್ಬನಿಗೆ ಬೆಳೆದು ಒಣ ಹವೆಯಲ್ಲಿ ರಾಶಿಯಾಗುತ್ತದೆ. ಮುತ್ತಿನ ಹೊಳಪು ಬರೋದು ಅದಕ್ಕೇ.

ರೊಟ್ಟಿಗೆ ಇವತ್ತಿಗೂ ಹೆಸರು ಮಾಲದಂಡಿಗೆ, ಅಂದರೆ ಎಂ 35-1. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಟಿ ಮಾಲದಂಡಿಯಿಂದಲೇ ಆರಿಸಿ ತೆಗೆದ ತಳಿ ಇದು. ಹಳೆಯದಾದರೂ ರೊಟ್ಟಿಯ ಗುಣ, ಕಣಿಕೆಯ ಗುಣ ಎರಡಕ್ಕೂ ರೈತರು ಅದನ್ನು ಬಿಟ್ಟಿಲ್ಲ. ಸರ್ಕಾರ ಕೂಡ ಬೆಂಬಲ ಬೆಲೆಯಲ್ಲಿ ಮಾಲದಂಡಿಗೆ ಬೇರೆ ದರ ಇಡುತ್ತದೆ: 2025-26ಕ್ಕೆ ಹೈಬ್ರಿಡ್ ಕ್ವಿಂಟಲ್‌ಗೆ 3,699 ರೂ., ಮಾಲದಂಡಿಗೆ 3,749 ರೂ.

ರೊಟ್ಟಿ ಮಾರೋ ಮನಸ್ಸಿದ್ದರೆ ಜೋಳವನ್ನು ಮಾರುಕಟ್ಟೆಗೆ ಸುರಿಯೋ ಮುಂಚೆ ವರ್ಷಕ್ಕೆ ಬೇಕಾದ ಕಾಳು ಬೇರೆ ತೆಗೆದಿಡಿ. ಕಡಿದರೆ ಕಟಕ್ ಅನ್ನುವಷ್ಟು ಒಣಗಿಸಿ. ತೇವ 12ರ ಒಳಗೆ ಇರಲಿ. ಗಾಳಿಯಾಡದ ಒಳಚೀಲ ಇರುವ ಚೀಲದಲ್ಲಿ ಕಟ್ಟಿಟ್ಟರೆ ಹುಳದ ಕಾಟಕ್ಕೆ ಮಾತ್ರೆ ಇಡಬೇಕಾಗಿಲ್ಲ. ತಿನ್ನುವ ಕಾಳು ಅನ್ನೋದು ನೆನಪಿರಲಿ.

ಕೈ ರೊಟ್ಟಿಯ ಲೆಕ್ಕ

ಔರಾದಿನ ಆ ಮನೆಯಲ್ಲಿ ಕೂತು ನಾವು ಕಾಗದದ ಮೇಲೆ ಬರೆದ ಲೆಕ್ಕ ಇದು. ನಿಮ್ಮೂರಿನ ದರ ಬೇರೆ ಇರುತ್ತದೆ, ನಿಮ್ಮ ಅಂಕಿ ಹಾಕಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಇದೇ.

100 ರೊಟ್ಟಿಗೆ ಸುಮಾರು 7 ಕಿಲೋ ಜೋಳ. ಕಿಲೋಗೆ 40 ರೂಪಾಯಿಯಂತೆ 280. ಸ್ವಂತ ಹೊಲದ್ದು ಅಂತ ಇದನ್ನು ಸೊನ್ನೆ ಬರೆಯಬೇಡಿ. ಮಾರಿದ್ದರೆ ಬರುತ್ತಿದ್ದ ದುಡ್ಡು ಅದು. ಸ್ವಚ್ಛ ಮಾಡಿ ಬೀಸಿಸಲು 35. ಗ್ಯಾಸು 60. ಹತ್ತರ ಪಾಕೀಟು ಮಾಡಲು 30. ಅಂಗಡಿಗೆ ಮುಟ್ಟಿಸಲು ಪೆಟ್ರೋಲು 40. ಒಟ್ಟು 445 ರೂಪಾಯಿ.

ನೂರರಲ್ಲಿ ಐದು ಒಡೆಯುತ್ತವೆ. 95 ಮಾರಾಟ, ಅಂಗಡಿಯವರಿಗೆ 7 ರೂಪಾಯಿಯಂತೆ 665. ಕೈಲಿ ಉಳಿದದ್ದು 220.

ಈಗ ಕೇಳಿ: ಎಷ್ಟು ತಾಸು? ಹಿಟ್ಟು ನಾದೋದು, ಬಡಿಯೋದು, ಬೇಯಿಸೋದು, ಕಡಕ್ ಮಾಡೋದು, ಕಟ್ಟೋದು ಎಲ್ಲಾ ಸೇರಿ 5 ತಾಸು. ಅಂದರೆ ತಾಸಿಗೆ 44 ರೂಪಾಯಿ ಕೂಲಿ.

ಗಂಡ ಮೊದಲ ಸಲ ತಲೆ ಎತ್ತಿದ. "ಇಷ್ಟೇನಾ?" ಅಂದ. ಇಷ್ಟು ದಿನ ಜೋಳಕ್ಕೂ ಬೆಲೆ ಕಟ್ಟಿರಲಿಲ್ಲ, ಅವಳ ತಾಸಿಗೂ ಬೆಲೆ ಕಟ್ಟಿರಲಿಲ್ಲ. ಅದಕ್ಕೇ ಲಾಭ ದೊಡ್ಡದಾಗಿ ಕಾಣ್ತಿತ್ತು.

ಇನ್ನೊಂದು ಸಾಲು ಬರೆದೆವು. ಅದೇ ರೊಟ್ಟಿ 8 ರೂಪಾಯಿಗೆ ಹೋದರೆ? 760 ಬರುತ್ತದೆ, ಉಳಿಯೋದು 315. ಒಂದೇ ರೂಪಾಯಿ ಏರಿದ್ದಕ್ಕೆ ಉಳಿಕೆ 95 ಜಾಸ್ತಿ. ಮಶಿನ್ ಇಲ್ಲ, ಸಾಲ ಇಲ್ಲ. ಹಾಗಾಗಿ ಮೊದಲ ಪ್ರಶ್ನೆ "ಜಾಸ್ತಿ ರೊಟ್ಟಿ ಹೇಗೆ ಮಾಡೋದು" ಅಲ್ಲ. "ಇದೇ ರೊಟ್ಟಿಗೆ ಒಂದು ರೂಪಾಯಿ ಜಾಸ್ತಿ ಕೊಡೋ ಗಿರಾಕಿ ಎಲ್ಲಿದ್ದಾರೆ" ಅನ್ನೋದು.

ಮಶಿನ್ ರೊಟ್ಟಿಯ ಲೆಕ್ಕ

ಒಂದೂವರೆ ಲಕ್ಷ ಸಾಲ, ಬಡ್ಡಿ ನೂರಕ್ಕೆ 12, ಮೂರು ವರ್ಷ. ತಿಂಗಳ ಕಂತು ಹತ್ತಿರ ಹತ್ತಿರ 5,000 ರೂಪಾಯಿ. ತಿಂಗಳಿಗೆ 25 ದಿನ ಕೆಲಸ ಅಂದರೆ ದಿನಕ್ಕೆ 200. ಕರೆಂಟು, ರಿಪೇರಿಗೆ ಅಂತ ದಿನಕ್ಕೆ 50 ತೆಗೆದಿಡಿ. ಒಟ್ಟು 250.

ಮೇಲಿನ ಲೆಕ್ಕದಲ್ಲಿ ಒಂದು ರೊಟ್ಟಿಗೆ ಉಳಿಯೋದು 2 ರೂಪಾಯಿ 20 ಪೈಸೆ. ಅಂದರೆ ದಿನದ ಮೊದಲ 114 ರೊಟ್ಟಿ ಮಶಿನ್ನಿಗೇ ಹೋಯಿತು. 115ನೇ ರೊಟ್ಟಿಯಿಂದ ನಿಮ್ಮ ಮನೆಗೆ.

ದಿನಕ್ಕೆ 100 ಆರ್ಡರ್ ಇದ್ದರೆ: ಕೈಯಿಂದಲೇ 30 ರೂಪಾಯಿ ಹಾಕಬೇಕು. 150 ಇದ್ದರೆ: ಉಳಿಯೋದು 80 ರೂಪಾಯಿ. ಅದೇ 150 ಕೈಯಲ್ಲಿ ಬಡಿದರೆ 330 ಉಳಿಯುತ್ತಿತ್ತು, ರಟ್ಟೆ ಮಾತ್ರ ಬೀಳುತ್ತಿತ್ತು. 400 ಇದ್ದರೆ: 630 ಉಳಿಯುತ್ತದೆ. ಅಷ್ಟು ರೊಟ್ಟಿ ಕೈಯಲ್ಲಿ ಒಬ್ಬಳಿಂದ ಆಗುವ ಮಾತೇ ಅಲ್ಲ.

ಇಲ್ಲಿಗೆ ವಿಷಯ ಸ್ಪಷ್ಟ. ಮಶಿನ್ ಆರ್ಡರ್ ತರಲ್ಲ. ಆರ್ಡರ್ ಇದ್ದವರಿಗೆ ಮಶಿನ್ ಬೇಕು.

ಮಶಿನ್ ಅಂದರೆ ಒಂದೇ ಅಲ್ಲ

ಹೆಣ್ಮಗಳ ರಟ್ಟೆ ನೋವು ಎಲ್ಲಿಂದ ಬಂತು ಅಂತ ಕೇಳಿದೆ. "ಬಡಿಯೋದಕ್ಕಿಂತ ನಾದೋದೇ ಭಾಳ ತ್ರಾಸು," ಅಂದಳು. ಏಳು ಕಿಲೋ ಹಿಟ್ಟು, ಸುಡು ನೀರು, ಅಂಗೈ ಹಿಮ್ಮಡಿಯಿಂದ ಒತ್ತಿ ಒತ್ತಿ ನಾದಬೇಕು. ಬಡಿಯೋದರಲ್ಲಿ ಅವಳ ಕೈಗೆ ಲಯ ಇದೆ, ನಾದೋದರಲ್ಲಿ ಬರೀ ಬಲ.

ಹಿಟ್ಟು ನಾದೋ ಮಶಿನ್ ಬೇರೆಯೇ ಸಿಗುತ್ತದೆ. ಮನೆಯ ಸಿಂಗಲ್ ಫೇಸ್ ಕರೆಂಟಿಗೆ ನಡೆಯುವ ಸಣ್ಣ ಅಳತೆಯವೂ ಇವೆ. ಪೂರ್ತಿ ರೊಟ್ಟಿ ಮಶಿನ್ನಿನ ಬೆಲೆಗೆ ಹೋಲಿಸಿದರೆ ಇದು ಸಣ್ಣ ಪಾಲು. ನಾದೋದು ಮಶಿನ್ನಿಗೆ, ಬಡಿಯೋದು ಕೈಗೆ ಬಿಟ್ಟರೆ ರುಚಿಯೂ ಉಳಿಯುತ್ತದೆ, "ಕೈ ರೊಟ್ಟಿ" ಅಂತ ಹೇಳಿ ಮಾರಲೂ ಬರುತ್ತದೆ.

ಎರಡನೆಯದು ಒತ್ತು ಮಶಿನ್. ಎರಡು ತಟ್ಟೆ ನಡುವೆ ಉಂಡೆ ಇಟ್ಟು ಹಿಡಿಕೆ ಒತ್ತೋದು. ಗೋಧಿಗೆ ಸರಾಗ. ಜೋಳಕ್ಕೆ ಹಿಟ್ಟು ಸರಿಯಾಗಿ ಎಸರು ಕುಡಿದಿದ್ದರೆ ಮಾತ್ರ ಅಂಚು ಒಡೆಯದೆ ಬರುತ್ತದೆ.

ಮೂರನೆಯದು ಪೂರ್ತಿ ಮಶಿನ್: ಒತ್ತೋದು, ಬೇಯಿಸೋದು ಎಲ್ಲಾ ಅದೇ. ಹಲವಕ್ಕೆ ತ್ರೀ ಫೇಸ್ ಬೇಕು. ಮೊದಲು ಜೆಸ್ಕಾಂ ಕಚೇರಿಯಲ್ಲಿ ನಿಮ್ಮ ಮೀಟರಿಗೆ ಎಷ್ಟು ಲೋಡ್ ಇದೆ, ಹೆಚ್ಚಿಸಲು ಎಷ್ಟು ಖರ್ಚು ಕೇಳಿ. ಆ ದುಡ್ಡು ಕೊಟೇಶನ್ನಲ್ಲಿ ಇರಲ್ಲ.

ಯಾವುದೇ ಮಶಿನ್ ಇರಲಿ, ಹೀಗೆ ಪರೀಕ್ಷೆ ಮಾಡಿ:

1. ನಿಮ್ಮ ಹಿಟ್ಟು 4 ಕಿಲೋ ಕಟ್ಟಿಕೊಂಡು ಹೋಗಿ. ಅಂಗಡಿಯವರ ಹಿಟ್ಟಿನಲ್ಲಿ ಮಾಡಿ ತೋರಿಸಿದ್ದಕ್ಕೆ ಬೆಲೆ ಇಲ್ಲ.
2. ರೊಟ್ಟಿ ಬಡಿಯೋ ಹೆಣ್ಮಕ್ಕಳನ್ನೇ ಕರೆದುಕೊಂಡು ಹೋಗಿ. ಮಶಿನ್ ನಡೆಸೋರು ಅವರು, ನೀವಲ್ಲ.
3. ಒಂದಲ್ಲ, 50 ರೊಟ್ಟಿ ಮಾಡಿಸಿ. ಎಷ್ಟು ಬಿರಿದವು, ಎಷ್ಟು ಉಬ್ಬಿದವು ಎಣಿಸಿ.
4. ಹತ್ತು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತನ್ನಿ. ಆರು ತಾಸಿನ ನಂತರ ಮಡಚಿ ನೋಡಿ. ಮೆತ್ತಗಿದ್ದರೆ ಸರಿ, ಮುರಿದರೆ ಅದು ಕಡಕ್ ರೊಟ್ಟಿಗೆ ಮಾತ್ರ.
5. ತೊಳೆಯಲು ಎಷ್ಟು ಹೊತ್ತು ಬೇಕು, ಬಿಡಿ ಭಾಗ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಸಿಗುತ್ತದಾ ಕೇಳಿ. ದೂರದ ಊರಿಂದ ಪಾರ್ಸಲ್ ಬರಬೇಕಾದರೆ ಹಬ್ಬದ ವಾರವೇ ಮಶಿನ್ ನಿಲ್ಲುತ್ತದೆ.

ಮೂರು ಊರು, ಮೂರು ಗಿರಾಕಿ

ಬೀದರ್ ನಗರದಲ್ಲಿ ಕಾಲೇಜು ಹುಡುಗರು, ನೌಕರದಾರರು ಜಾಸ್ತಿ. ಅವರಿಗೆ ಬೇಕಾದ್ದು ಸಂಜೆ ಏಳಕ್ಕೆ ಬಿಸಿ, ಮೆತ್ತನೆ ರೊಟ್ಟಿ. ನಗರದಲ್ಲೇ ಇರುವವರಿಗೆ ಇದು ಒಳ್ಳೇ ಧಂದೆ. ಔರಾದಿನಿಂದಲೋ ಭಾಲ್ಕಿಯಿಂದಲೋ ನಲವತ್ತರ ಆಸುಪಾಸು ಕಿಲೋಮೀಟರ್ ಬಿಸಿ ರೊಟ್ಟಿ ತರೋಕೆ ಹೋಗಬೇಡಿ, ಬರೋದರೊಳಗೆ ಬೆವತು ಹೋಗಿರುತ್ತದೆ.

ಭಾಲ್ಕಿಗೆ ಬಸ್ಸೂ ಇದೆ, ರೈಲೂ ಇದೆ. ಹೈದರಾಬಾದು, ಪುಣೆ, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳಿಗೆ ಮನೆಯವರು ರೊಟ್ಟಿ ಕಟ್ಟಿ ಕಳಿಸೋದು ಇದ್ದೇ ಇದೆ. ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಸೇರಿಸಿ ಒಂದು ಕಟ್ಟು ಮಾಡಿದರೆ ಆ ಒಂದು ರೂಪಾಯಿ ಅಲ್ಲಿ ಸಿಗುತ್ತದೆ.

ಔರಾದಿನವರಿಗೆ ಗಡಿ ಅನುಕೂಲ. ಆಚೆ ಉದಗೀರ, ದೇಗಲೂರು. ಅಲ್ಲಿ ಇದೇ ರೊಟ್ಟಿಗೆ ಭಾಕರಿ ಅಂತಾರೆ, ತಿನ್ನೋರು ಅಷ್ಟೇ ಪ್ರೀತಿಯಿಂದ ತಿಂತಾರೆ. ಪಾಕೀಟಿನ ಮೇಲೆ ಕನ್ನಡದ ಜೊತೆ ಮರಾಠಿಯಲ್ಲೂ ಒಂದು ಸಾಲು ಇರಲಿ. ಎಳ್ಳ ಅಮಾವಾಸ್ಯೆಗೆ ಭಜ್ಜಿ ಜೊತೆ ಸಜ್ಜೆ ರೊಟ್ಟಿ ಕೇಳುವವರಿಗೆ ಹದಿನೈದು ದಿನ ಮೊದಲೇ ವಾಟ್ಸಾಪಿನಲ್ಲಿ ಆರ್ಡರ್ ತಗೊಳ್ಳಿ, ಅರ್ಧ ದುಡ್ಡು ಫೋನ್‌ಪೇಯಲ್ಲಿ ಮೊದಲೇ ಹಾಕಿಸಿಕೊಳ್ಳಿ.

ಒಬ್ಬರೇ ಮಾಡೋದು ಕಷ್ಟ ಅನಿಸಿದರೆ ಪಕ್ಕದ ಜಿಲ್ಲೆ ನೋಡಿ. ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಗುಂಪುಗಳು ಒಟ್ಟಾಗಿ "ಕಲಬುರಗಿ ರೊಟ್ಟಿ" ಅಂತ ಒಂದೇ ಹೆಸರಲ್ಲಿ ಮಾರುತ್ತಿವೆ. 2025ರ ಜೂನ್ ತಿಂಗಳ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಇದನ್ನು ಪ್ರಸ್ತಾಪಿಸಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತವೆ ಅಂದಿದ್ದರು. ನಾಲ್ಕು ಮನೆಯವರು ಸೇರಿ ಒಂದು ಮಶಿನ್ ತಂದರೆ ಮೊದಲ 114 ರೊಟ್ಟಿಯ ಭಾರ ನಾಲ್ಕು ಪಾಲಾಗುತ್ತದೆ.

ಕಾಗದ ಪತ್ರ

ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಮೂಲ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ, ಫೋನಿನಲ್ಲೇ ಅರ್ಜಿ ಹಾಕಬಹುದು. ಪಾಕೀಟಿನ ಮೇಲೆ ನೋಂದಣಿ ಸಂಖ್ಯೆ, ಹೆಸರು ವಿಳಾಸ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು ಅನ್ನೋದು ಇರಲಿ.

"ಗ್ಲುಟೆನ್ ಫ್ರೀ" ಅಂತ ಬರೆಯೋ ಆಸೆ ಎಲ್ಲರಿಗೂ. ಬರೆಯಬೇಡಿ. ಹಾಗೆ ಬರೆಯಲು ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ದಾಟಬಾರದು. ನಿಮ್ಮ ಜೋಳ ಬೀಸುವ ಗಿರಣಿಯಲ್ಲೇ ಮುಂಚೆ ಗೋಧಿ ಬೀಸಿರುತ್ತಾರೆ. ಗೋಧಿ ಆಗಿಬರದ ಕಾಯಿಲೆ ಇರುವವರು ನಿಮ್ಮ ಮಾತು ನಂಬಿ ತಿಂದರೆ ಜೀವಕ್ಕೆ ತ್ರಾಸು. "ಶುಗರ್ ಹೋಗುತ್ತದೆ" ಅನ್ನೋದೂ ಬೇಡ.

ಸಹಾಯಧನ ಬೇಕಾದರೆ ಪಿಎಂಎಫ್‌ಎಂಇ ಯೋಜನೆ ವಿಚಾರಿಸಿ. ಕೇಂದ್ರದ್ದು ನೂರಕ್ಕೆ 35, ನಮ್ಮ ರಾಜ್ಯ ಅದಕ್ಕೆ 15 ಸೇರಿಸಿ 50ರವರೆಗೆ ಕೊಟ್ಟಿದೆ. ಈಗ ಅರ್ಜಿ ತಗೋತಾರಾ ಅಂತ ಜಿಲ್ಲಾ ಕೃಷಿ ಕಚೇರಿಯಲ್ಲಿ ಮೊದಲು ಕೇಳಿ. ಒಂದು ಮಾತು ತಿಳಿದಿರಲಿ: ಇದು ಸಾಲಕ್ಕೆ ಜೋಡಿಸಿದ ಸಹಾಯಧನ, ಕೈಗೆ ಬರೋ ರೊಕ್ಕ ಅಲ್ಲ. ಸಾಲದ ಖಾತೆಗೆ ಜೋಡಿಸಿ ಇಟ್ಟು, ಮೂರು ವರ್ಷ ಕಂತು ತಪ್ಪದಿದ್ದರೆ ಹೊಂದಿಸುತ್ತಾರೆ. ತರಬೇತಿಗೆ ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆಯೂ ನಮಗೆ ದೂರ ಅಲ್ಲ.

ಕೊನೆಗೆ ಅವರು ಏನು ಮಾಡಿದರು?

ಬಂಗಾರ ಪೆಟ್ಟಿಗೆಯಲ್ಲೇ ಉಳಿಯಿತು. ಜೋಳ ಮಾರಿದ ದುಡ್ಡಲ್ಲಿ ಹಿಟ್ಟು ನಾದೋ ಮಶಿನ್ ತಂದರು, ಒಲೆಗೆ ಅಗಲದ ಎರಡು ಹಂಚು ಹಾಕಿದರು. ಪಕ್ಕದ ಮನೆಯ ವೈನಿಯನ್ನು ದಿನಕ್ಕೆ ಮೂರು ತಾಸು ಜೊತೆಗೆ ಕೂರಿಸಿಕೊಂಡಿದ್ದಾರೆ, ಕೂಲಿ ಕೊಟ್ಟೇ. ಅಂಗಡಿಗೆ 8 ರೂಪಾಯಿ ಹೇಳಿದಾಗ ಒಬ್ಬ ಅಂಗಡಿಯವ ಬಿಟ್ಟ, ಒಬ್ಬ ಒಪ್ಪಿದ. ಉದಗೀರದಲ್ಲಿ ಹೊಸದಾಗಿ ಒಂದು ಅಂಗಡಿ ಸಿಕ್ಕಿದೆ. ಮೂರು ತಿಂಗಳು ಸತತ 300 ಆರ್ಡರ್ ಬಂದರೆ ಮಾತ್ರ ದೊಡ್ಡ ಮಶಿನ್ ಮಾತು ಅಂತ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ರಟ್ಟೆ ನೋವು ಪೂರ್ತಿ ಹೋಗಿಲ್ಲ. ಅದಕ್ಕೆ ಬೀದರಿನಲ್ಲಿ ಡಾಕ್ಟರಿಗೆ ತೋರಿಸಿದ್ದಾರೆ. ಅದರ ಖರ್ಚನ್ನೂ ಅವಳು ರೊಟ್ಟಿ ಲೆಕ್ಕದ ಪುಸ್ತಕದಲ್ಲೇ ಬರೆದಿದ್ದಾಳೆ. ಅದು ಸರಿಯಾದ ಲೆಕ್ಕ.

ನೀವೂ ಈ ವಾರ ಒಂದು ಕೆಲಸ ಮಾಡಿ. ಫೋನಿನ ನೋಟ್ಸ್ ತೆಗೆದು ಹದಿನೈದು ದಿನ ನಾಲ್ಕೇ ಅಂಕಿ ಬರೆಯಿರಿ: ಎಷ್ಟು ಕಿಲೋ ಹಿಟ್ಟು, ಎಷ್ಟು ರೊಟ್ಟಿ, ಎಷ್ಟು ಮಾರಿದವು, ಎಷ್ಟು ತಾಸು. ತಾಸಿನ ಅಂಕಿಯನ್ನು ಬಡಿದವರ ಬಾಯಿಂದಲೇ ಕೇಳಿ ಬರೆಯಿರಿ. ಆಮೇಲೆ ಮಶಿನ್ನಿನ ವಿಡಿಯೋ ನೋಡಿ.